ಚಳಿಗಾಲದ ಶಾಲಾ ವಾರ್ತಾಪತ್ರ: ಮನೆಗೆ ತಲುಪಬೇಕಾದ ಕನ್ನಡ



ದೀಪಾವಳಿಯ ರಜೆ ಮುಗಿದು ದ್ವಿತೀಯ ಸತ್ರ ಆರಂಭವಾಗುವ ಹೊತ್ತಿಗೆ ಅಕ್ಕಲಕೋಟೆ, ಜತ್ತ ಮತ್ತು ದಕ್ಷಿಣ ಸೋಲಾಪುರ ತಾಲೂಕುಗಳ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಎದ್ದು ನಿಂತಿರುತ್ತದೆ. ಅದೇ ವಾರಗಳಲ್ಲಿ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ತೊಡಗುತ್ತದೆ. ಶಾಲೆಯಲ್ಲಿಯೂ ಚಟುವಟಿಕೆಗಳಿಗೆ ಬಿಡುವಿಲ್ಲ. ಕ್ರೀಡೆ, ಸ್ನೇಹ ಸಮ್ಮೇಳನ, ಜಯಂತಿಗಳು, ವಿಜ್ಞಾನ ಪ್ರದರ್ಶನ, ಶಿಷ್ಯವೃತ್ತಿ ಪರೀಕ್ಷೆಯ ಸಿದ್ಧತೆ, ಗಣರಾಜ್ಯೋತ್ಸವ ಇವೆಲ್ಲ ಡಿಸೆಂಬರದಿಂದ ಫೆಬ್ರವರಿಯವರೆಗಿನ ಮೂರು ತಿಂಗಳಲ್ಲಿ ಒಂದರ ಹಿಂದೊಂದು ಬರುತ್ತವೆ. ಈ ಮೂರು ತಿಂಗಳ ಶಾಲಾ ಸುದ್ದಿ ಯಾವ ಭಾಷೆಯಲ್ಲಿ, ಯಾರ ಕೈಯಿಂದ, ಯಾವ ರೂಪದಲ್ಲಿ ಮನೆಯನ್ನು ತಲುಪಬೇಕು ಎಂಬುದೇ ಈ ಉಪನ್ಯಾಸದ ವಿಷಯ.

ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ದೊರೆಯುವಂತೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದ ಹೇಳುತ್ತದೆ. ರಾಜ್ಯಗಳ ಪುನರ್‌ರಚನೆಯಾದ 1956ರಲ್ಲಿಯೇ ಈ ಅನುಚ್ಛೇದ ಸೇರ್ಪಡೆಯಾಯಿತು. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ಹೀಗೆ ಶಾಲೆಯ ಒಳಗೆ ಕನ್ನಡಕ್ಕೆ ಸ್ಥಾನವಿದೆ. ಆದರೆ ಶಾಲೆಯ ಹೊಸ್ತಿಲು ದಾಟಿದ ಮೇಲೆ ಮಗುವಿಗೆ ಓದಲು ಸಿಗುವ ಕನ್ನಡ ಬಹಳ ಕಡಿಮೆ. ಬಸ್ಸಿನ ಫಲಕ, ಪಡಿತರ ಅಂಗಡಿಯ ಸೂಚನೆ, ಗ್ರಾಮ ಪಂಚಾಯತಿಯ ಪತ್ರ ಇವು ಮರಾಠಿಯಲ್ಲಿರುತ್ತವೆ. ಅದು ಆಡಳಿತದ ಸಹಜ ಕ್ರಮ. ಮನೆಯಲ್ಲಿ ಕನ್ನಡ ಮಾತಾಗಿ ಉಳಿದಿರುತ್ತದೆ, ಬರಹವಾಗಿ ಅಲ್ಲ. ಮೇಲಿನ ಕಚೇರಿಯಿಂದ ಬಂದ ಸುತ್ತೋಲೆಯನ್ನು ಶಾಲೆಯೂ ಹಾಗೆಯೇ ಓದಿ ಹೇಳಿ, ತನ್ನ ಸೂಚನೆಯನ್ನೂ ಮರಾಠಿಯಲ್ಲಿಯೇ ಮೊಬೈಲಿಗೆ ಕಳುಹಿಸಿದರೆ, ಕನ್ನಡ ಪಾಠದ ಭಾಷೆ ಮಾತ್ರ, ವ್ಯವಹಾರದ ಭಾಷೆಯಲ್ಲ ಎಂಬ ತಿಳಿವಳಿಕೆ ಯಾರೂ ಹೇಳಿಕೊಡದೆ ಮಗುವಿನ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ಶಾಲೆಯ ವಾರ್ತಾಪತ್ರ ಈ ಕೊರತೆಯನ್ನು ತುಂಬಬಲ್ಲ ಸುಲಭವಾದ ಸಾಧನ.

ವಾರ್ತಾಪತ್ರವೆಂದರೆ ಮುದ್ರಿತ ಪತ್ರಿಕೆಯಾಗಬೇಕೆಂದಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದು ಹಾಳೆ ಸಾಕು. ಹಾಳೆಯ ಮಧ್ಯೆ ಒಂದು ಗೆರೆ ಎಳೆದು ಎಡಭಾಗಕ್ಕೆ ‘ನಡೆದದ್ದು’ ಎಂದೂ ಬಲಭಾಗಕ್ಕೆ ‘ನಡೆಯಲಿರುವುದು’ ಎಂದೂ ಹೆಸರಿಡಬೇಕು. ಎಡಭಾಗ ಪೂರ್ತಿ ಭೂತಕಾಲ. ಬಲಭಾಗ ಪೂರ್ತಿ ಭವಿಷ್ಯತ್ಕಾಲ. ಆಡುಮಾತಿನಲ್ಲಿ ‘ನಾಳೆ ಹೋಗ್ತೀವಿ’ ಎಂದು ವರ್ತಮಾನದ ರೂಪದಿಂದಲೇ ಮುಂದಿನ ಮಾತನ್ನೂ ಹೇಳುವುದು ರೂಢಿ. ಆದ್ದರಿಂದ ‘ಹೋಗುವೆವು’, ‘ಬರುವರು’, ‘ನಡೆಯುವುದು’ ಎಂಬ ರೂಪಗಳು ಮಕ್ಕಳ ಕಿವಿಗೆ ಹೊಸವು. ವ್ಯಾಕರಣದ ಕೋಷ್ಟಕದಲ್ಲಿ ಕಲಿಸಿದಾಗ ಮರೆತುಹೋಗುವ ಈ ರೂಪಗಳು, ‘ಶನಿವಾರ ಬೆಳಿಗ್ಗೆ ಓಟದ ಸ್ಪರ್ಧೆ ನಡೆಯುವುದು’ ಎಂದು ತಾವೇ ಬರೆದು ಮನೆಯವರಿಗೆ ಓದಿ ಹೇಳಿದಾಗ ಮನಸ್ಸಿನಲ್ಲಿ ನಿಲ್ಲುತ್ತವೆ.

ಬರೆಯುವವರು ಮಕ್ಕಳೇ ಆಗಿರಬೇಕು. ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳು ಸರತಿಯಂತೆ ಸುದ್ದಿ ಬರೆಯುವರು. ಮೂರನೆಯ ತರಗತಿಯವರು ದಿನಾಂಕ ಮತ್ತು ಶೀರ್ಷಿಕೆ ಬರೆಯುವರು. ಒಂದು ಮತ್ತು ಎರಡನೆಯ ತರಗತಿಯವರು ಚಿತ್ರ ಬಿಡಿಸಿ ಅದರ ಕೆಳಗೆ ಒಂದು ಪದ ಬರೆಯುವರು. ಯಾರು, ಏನು, ಎಲ್ಲಿ, ಯಾವಾಗ, ಹೇಗೆ ಎಂಬ ಐದು ಪ್ರಶ್ನೆಗಳಿಗೆ ಉತ್ತರ ದೊರೆತರೆ ಸುದ್ದಿ ಪೂರ್ಣವಾದಂತೆ. ತಿದ್ದುವಾಗ ಶಿಕ್ಷಕರು ಒಂದು ಎಚ್ಚರವನ್ನು ವಹಿಸಬೇಕು. ‘ನಾಳೆ ಸಾಲಿ ಸೂಟಿ ಐತಿ’ ಎಂದು ಮಗು ಬರೆದರೆ ಅದರ ಮೇಲೆ ಕೆಂಪು ಗೆರೆ ಎಳೆಯಬಾರದು. ಆ ವಾಕ್ಯ ತಪ್ಪಲ್ಲ. ಅದು ಆ ಸೀಮೆಯ ಕನ್ನಡ. ಅದನ್ನು ಹಾಗೆಯೇ ಉಳಿಸಿ, ಅದರ ಕೆಳಗೆ ‘ನಾಳೆ ಶಾಲೆಗೆ ರಜೆ ಇದೆ’ ಎಂದು ಬರೆಯಿಸಬೇಕು. ‘ನಮ್ಮ ಆಯಿ ಸಜ್ಜಿ ರೊಟ್ಟಿ ಬಡದಾಳ’ ಎಂಬುದರ ಕೆಳಗೆ ‘ನಮ್ಮ ಅಜ್ಜಿ ಸಜ್ಜೆ ರೊಟ್ಟಿ ತಟ್ಟಿದ್ದಾಳೆ’ ಎಂದಾಗಲಿ. ಮನೆಯ ಮಾತಿಗೂ ಪುಸ್ತಕದ ಮಾತಿಗೂ ನಡುವೆ ಇರುವುದು ಸೇತುವೆಯೇ ಹೊರತು ಗೋಡೆಯಲ್ಲ ಎಂಬ ಅರಿವು ಇಂಥ ಎರಡು ಸಾಲುಗಳಿಂದ ಮೂಡುತ್ತದೆ. ಅಜ್ಜಿಗೂ ತನ್ನ ಮಾತು ಹಾಳೆಯ ಮೇಲೆ ಬಂದಿದೆಯೆಂಬ ಸಂತೋಷ ಇರುತ್ತದೆ.

ಇನ್ನು ಮೂರು ತಿಂಗಳ ಚಟುವಟಿಕೆಗಳ ವಿಚಾರ. ಡಿಸೆಂಬರಿನಲ್ಲಿ ಒಂದು ಕೋಲು ಮತ್ತು ಒಂದು ಅಳತೆಪಟ್ಟಿಯಿಂದ ಆರಂಭಿಸಬಹುದು. ಒಂದು ಮೀಟರ್ ಉದ್ದದ ಕೋಲನ್ನು ಅಂಗಳದ ಸಮತಟ್ಟಾದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನ 12.20ರಿಂದ 12.45ರ ನಡುವೆ ಐದೈದು ನಿಮಿಷಕ್ಕೆ ನೆರಳನ್ನು ಅಳೆದು ಅತಿ ಚಿಕ್ಕ ಅಳತೆಯನ್ನು ಬರೆದಿಡಬೇಕು. ಅಕ್ಕಲಕೋಟೆ, ಜತ್ತಗಳ ಸೀಮೆಯಲ್ಲಿ ಡಿಸೆಂಬರ್ 22ರ ಸುಮಾರಿಗೆ ಈ ನೆರಳು 85ರಿಂದ 87 ಸೆಂಟಿಮೀಟರ್ ಇರುತ್ತದೆ. ವರ್ಷದಲ್ಲಿ ಮಧ್ಯಾಹ್ನದ ಅತಿ ಉದ್ದದ ನೆರಳು ಅದೇ. ಸಂಕ್ರಾಂತಿಯ ಹೊತ್ತಿಗೆ ಅದು ಸುಮಾರು 80ಕ್ಕೆ ಇಳಿಯುತ್ತದೆ. ಫೆಬ್ರವರಿ ಕೊನೆಗೆ ಸುಮಾರು 47. ಸೂರ್ಯ ಉತ್ತರದ ಕಡೆಗೆ ತಿರುಗುವುದು ಸಂಕ್ರಾಂತಿಗೆ ಮೂರು ವಾರ ಮೊದಲೇ ಎಂಬುದನ್ನು ಮಕ್ಕಳು ಪುಸ್ತಕದಿಂದಲ್ಲ, ತಮ್ಮ ಅಂಗಳದ ನೆರಳಿನಿಂದಲೇ ಕಂಡುಕೊಳ್ಳುವರು. ಡಿಸೆಂಬರ್ 22 ಶ್ರೀನಿವಾಸ ರಾಮಾನುಜನ್ ಅವರು ಜನಿಸಿದ ದಿನ, ರಾಷ್ಟ್ರೀಯ ಗಣಿತ ದಿನವೂ ಹೌದು; ಅಂದಿನ ಮೊದಲ ಅಳತೆಯೇ ಆ ದಿನದ ಆಚರಣೆಯಾಗಲಿ. ಪ್ರತಿ ಹಾಳೆಯಲ್ಲಿಯೂ ‘ಈ ಪಕ್ಷದ ನೆರಳು’ ಎಂಬ ಒಂದು ಸಾಲು ಇದ್ದರೆ ಮುಂದಿನ ಹಾಳೆಗಾಗಿ ಮನೆಯವರೂ ಕಾಯುವರು.

ಡಿಸೆಂಬರ್ ಅಥವಾ ಜನವರಿಯಲ್ಲಿ ಎಳ್ಳಮಾವಾಸ್ಯೆ ಬರುತ್ತದೆ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಸಲ್ಲಿಸಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಕಡಬು, ಶೇಂಗಾ ಹೋಳಿಗೆಗಳನ್ನು ಹಂಚಿಕೊಂಡು ಉಣ್ಣುವ ದಿನವದು. ಮರಾಠಿಯಲ್ಲಿ ಅದಕ್ಕೆ ವೇಳ ಅಮಾವಾಸ್ಯೆ ಎಂದು ಹೆಸರು. ಅಂದು ಹಾಜರಿಪಟ ಬರಿದಾಗುವುದನ್ನು ಕಂಡು ಬೇಸರಪಡುವುದಕ್ಕಿಂತ, ಹಿಂದಿನ ದಿನವೇ ಪ್ರತಿಯೊಂದು ಮಗುವಿಗೆ ಒಂದು ಕೆಲಸ ಒಪ್ಪಿಸುವುದು ಲೇಸು. ಬುತ್ತಿಯಲ್ಲಿ ಎಷ್ಟು ಬಗೆಯ ಕಾಳು ಮತ್ತು ತರಕಾರಿ ಇದ್ದವು, ಹೊಲದಲ್ಲಿ ಜೋಳದ ಜೊತೆಗೆ ಏನೇನು ಬೆಳೆದಿತ್ತು, ತೆನೆ ಹಾಲುಗಾಳಿನ ಹಂತದಲ್ಲಿತ್ತೆ ಎಂದು ನೋಡಿ ಬಂದು ಬರೆಯಬೇಕು. ಕಡಲೆ, ಕುಸುಬೆ, ಅಗಸೆ, ಹಕ್ಕರಿಕೆ ಇಂಥ ಹೆಸರುಗಳು ಪಠ್ಯಪುಸ್ತಕಕ್ಕಿಂತ ಹಿರಿಯರ ಬಾಯಲ್ಲಿ ಹೆಚ್ಚು ಜೀವಂತವಾಗಿವೆ. ಸೀತನಿಯ ಕಾಲ ಮುಗಿಯುವುದರೊಳಗೆ ಅವು ಹಾಳೆಯ ಮೇಲೆ ಇಳಿಯಬೇಕು.

ಜನವರಿ 3 ಸಾವಿತ್ರಿಬಾಯಿ ಫುಲೆಯವರ ಜನ್ಮದಿನ. ಮಹಾರಾಷ್ಟ್ರದಲ್ಲಿ ಅದು ಬಾಲಿಕಾ ದಿನ. 1831ರಲ್ಲಿ ಜನಿಸಿದ ಅವರು ಪತಿ ಜೋತಿರಾವ್ ಅವರೊಡನೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಅಂದಿನ ಭಾಷಣಗಳ ಜೊತೆಗೆ ಪ್ರತಿಯೊಬ್ಬ ವಿದ್ಯಾರ್ಥಿನಿ ತನ್ನ ತಾಯಿಯನ್ನೋ ಅಜ್ಜಿಯನ್ನೋ ‘ನೀನು ಎಷ್ಟನೆಯ ತರಗತಿಯವರೆಗೆ ಕಲಿತೆ, ಏಕೆ ಬಿಟ್ಟೆ’ ಎಂದು ಕೇಳಿ ಎರಡು ವಾಕ್ಯ ಬರೆದು ತರಲಿ. ಸಂಕ್ರಾಂತಿಯ ಸುಮಾರಿಗೆ ಸೋಲಾಪುರದಲ್ಲಿ ಸಿದ್ಧರಾಮೇಶ್ವರರ ಜಾತ್ರೆ ನಡೆಯುತ್ತದೆ. ನಂದಿಧ್ವಜಗಳ ಮೆರವಣಿಗೆ, ಅರವತ್ತೆಂಟು ಲಿಂಗಗಳ ಪೂಜೆ, ಅಕ್ಷತೆಯ ಸಮಾರಂಭ ಇವುಗಳನ್ನು ಕಂಡು ಬಂದ ಮಕ್ಕಳಿಗೆ ಹೇಳಬೇಕಾದ ಒಂದು ಮಾತಿದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯೆಂಬ ಈ ಊರಿನಲ್ಲಿ ಕೆರೆ ಕಟ್ಟಿಸಿದ ಆ ಶರಣರು ವಚನಗಳನ್ನು ರಚಿಸಿದ್ದು ಕನ್ನಡದಲ್ಲಿ. ಅವರ ಜೀವನವನ್ನು ಕುರಿತು ರಾಘವಾಂಕ ಕವಿ ‘ಸಿದ್ಧರಾಮ ಚಾರಿತ್ರ’ ಬರೆದದ್ದೂ ಕನ್ನಡದಲ್ಲಿ. ಇಂದು ಆ ಜಾತ್ರೆಯಲ್ಲಿ ಕನ್ನಡ, ಮರಾಠಿ, ತೆಲುಗು ಮಾತನಾಡುವವರೆಲ್ಲ ಸೇರುತ್ತಾರೆ. ಈ ಸಂಗತಿಯನ್ನು ಹೆಮ್ಮೆಯಿಂದಲೂ ಸೌಹಾರ್ದದಿಂದಲೂ ಹೇಳಬಹುದು.

ಫೆಬ್ರವರಿಯ ಕೊನೆಯ ಭಾಗದಲ್ಲಿ ಮೂರು ದಿನಗಳು ಹತ್ತಿರ ಹತ್ತಿರ ಬರುತ್ತವೆ: 21ರಂದು ಅಂತರರಾಷ್ಟ್ರೀಯ ಮಾತೃಭಾಷಾ ದಿನ, 27ರಂದು ಕುಸುಮಾಗ್ರಜರ ಜನ್ಮದಿನವಾದ ಮರಾಠಿ ಭಾಷಾ ಗೌರವ ದಿನ, 28ರಂದು ರಾಷ್ಟ್ರೀಯ ವಿಜ್ಞಾನ ದಿನ. ಮೊದಲ ಎರಡನ್ನು ಒಂದಕ್ಕೊಂದು ಎದುರಾಗಿ ನಿಲ್ಲಿಸುವುದು ಗಡಿಯ ಶಾಲೆಗೆ ತಕ್ಕುದಲ್ಲ. ಆ ವಾರದ ಹಾಳೆ ದ್ವಿಭಾಷಾ ಹಾಳೆಯಾಗಲಿ. ಒಂದೇ ಸುದ್ದಿ ಒಂದು ಬದಿಗೆ ಕನ್ನಡದಲ್ಲಿ, ಇನ್ನೊಂದು ಬದಿಗೆ ಮರಾಠಿಯಲ್ಲಿ. ಅಣ್ಣ, ಅಕ್ಕ ಎಂಬ ಪದಗಳು ಮರಾಠಿ ಮನೆಗಳಲ್ಲಿಯೂ ಇವೆ. ಸೂಟಿ ಎಂಬ ಪದ ಮರಾಠಿಯಿಂದ ಕನ್ನಡದ ಮನೆಗೆ ಬಂದಿದೆ. ಇಂಥ ಪದಗಳನ್ನು ಪಟ್ಟಿ ಮಾಡಿದ ಮಗು ಎರಡೂ ಭಾಷೆಗಳನ್ನು ಹೆಚ್ಚು ಎಚ್ಚರದಿಂದ ಬಳಸುವುದನ್ನು ಕಲಿಯುತ್ತದೆ. ಡಿಸೆಂಬರಿನಿಂದ ಅಳೆದ ನೆರಳಿನ ಆಲೇಖವನ್ನು 28ರಂದು ಗೋಡೆಗೆ ಹಚ್ಚಿದರೆ ವಿಜ್ಞಾನ ದಿನದ ಪ್ರದರ್ಶನಕ್ಕೆ ಬೇರೆ ವೆಚ್ಚ ಬೇಕಾಗದು.

ಈ ಹಾಳೆ ಹೆಚ್ಚು ಅಗತ್ಯವಾಗಿರುವುದು ಶಾಲೆಯಲ್ಲಿ ಇಲ್ಲದ ಮಕ್ಕಳಿಗೆ. ದೀಪಾವಳಿಯ ಆಚೀಚೆ ಜತ್ತ ಮೊದಲಾದ ಬರಪೀಡಿತ ಸೀಮೆಯ ಕುಟುಂಬಗಳು ಕಬ್ಬು ಕಡಿಯಲು ಹೊರಡುತ್ತವೆ. ಗಂಡ ಹೆಂಡತಿ ಸೇರಿ ಒಂದು ‘ಕೋಯ್ತಾ’ ಎಂದು ಲೆಕ್ಕ. ಆದ್ದರಿಂದ ನೋಡಿಕೊಳ್ಳುವವರಿಲ್ಲದ ಮಗು ತಂದೆತಾಯಿಯರ ಜೊತೆಗೆ ಹೋಗುತ್ತದೆ. ಮರಳುವುದು ಮಾರ್ಚ್ ಅಥವಾ ಏಪ್ರಿಲಿನಲ್ಲಿ. ಮೊದಲು ಮಾಡಬೇಕಾದುದು ಮಗುವನ್ನು ಊರಿನಲ್ಲಿಯೇ ಉಳಿಸುವ ಪ್ರಯತ್ನ. ಹಂಗಾಮಿ ವಸತಿಗೃಹದ ಸೌಲಭ್ಯ ಇದ್ದಲ್ಲಿ ಅದನ್ನು, ಇಲ್ಲದಿದ್ದರೆ ಅಜ್ಜ ಅಜ್ಜಿಯರ ಆಸರೆಯನ್ನು, ಶಾಲಾ ವ್ಯವಸ್ಥಾಪನ ಸಮಿತಿಯ ನೆರವಿನಿಂದ ಒದಗಿಸಬೇಕು. ಹೋಗಲೇಬೇಕಾದರೆ, ಶಿಕ್ಷಣ ಹಕ್ಕು ಕಾಯಿದೆ 2009ರ ಪ್ರಕಾರ ಮಗು ಹೋದ ಊರಿನ ಶಾಲೆ ಅದನ್ನು ಸೇರಿಸಿಕೊಳ್ಳಬೇಕು. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ. ಈ ಮಾತನ್ನು ಹೊರಡುವ ಮೊದಲೇ ಪಾಲಕರಿಗೆ ತಿಳಿಸಬೇಕು.

ಆದರೆ ಕನ್ನಡ ಮಾಧ್ಯಮದ ಮಗುವಿಗೆ ಇಲ್ಲಿ ಇನ್ನೊಂದು ತೊಡಕಿದೆ. ಕಾರ್ಖಾನೆಯ ಹತ್ತಿರದ ಶಾಲೆ ಸಾಮಾನ್ಯವಾಗಿ ಮರಾಠಿ ಮಾಧ್ಯಮದ್ದು. ಎರಡನೆಯ ತರಗತಿಯ ಮಗು ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಕಾಲಿಡುವುದು ಇದೇ ತಿಂಗಳುಗಳಲ್ಲಿ. ನಾಲ್ಕೈದು ತಿಂಗಳು ಕನ್ನಡದ ಅಕ್ಷರ ಕಣ್ಣಿಗೆ ಬೀಳದಿದ್ದರೆ, ಕಲಿತ ಕಾಗುಣಿತವೂ ಸಡಿಲವಾಗುತ್ತದೆ. ಮರಳಿ ಬಂದ ಮಗು ತನ್ನ ತರಗತಿಯಲ್ಲಿಯೇ ಹೊಸಬನಂತೆ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತದೆ. ಓದುವುದನ್ನು ಪೂರ್ತಿ ಬಿಟ್ಟುಬಿಡುವ ಹಾದಿ ಹಲವು ಸಲ ಅಲ್ಲಿಂದಲೇ ಆರಂಭವಾಗುತ್ತದೆ. ಆ ಮಗುವಿಗೆ ಹದಿನೈದು ದಿನಕ್ಕೊಮ್ಮೆ ವಾರ್ತಾಪತ್ರದ ಛಾಯಾಚಿತ್ರವನ್ನು ತಂದೆಯ ಅಥವಾ ಮುಕಾದಮನ ಮೊಬೈಲಿಗೆ ಕಳುಹಿಸಬೇಕು. ಜೊತೆಗೆ ಸಹಪಾಠಿಯೊಬ್ಬ ಅದನ್ನು ಓದಿದ ಧ್ವನಿಮುದ್ರಿಕೆಯೂ ಇರಲಿ. ಕೇಳುತ್ತ ಅಕ್ಷರಗಳ ಮೇಲೆ ಬೆರಳಾಡಿಸಿದರೆ ಓದು ಮುಂದುವರಿದಂತೆಯೇ. ಅಲ್ಲಿಂದ ಆ ಮಗು ಒಂದು ಸಾಲು ಬರೆದು ಕಳುಹಿಸಿದರೆ ಅದು ಮುಂದಿನ ಹಾಳೆಯಲ್ಲಿ, ಅದರ ಹೆಸರಿನೊಂದಿಗೆ, ಮೊದಲ ಸುದ್ದಿಯಾಗಬೇಕು. ಹೆಸರು ಹಾಜರಿಪಟದಲ್ಲಿ ಉಳಿಯುವುದಷ್ಟೇ ಸಾಲದು, ಗೆಳೆಯರ ಬಾಯಲ್ಲಿಯೂ ಉಳಿಯಬೇಕು.

ಬರುವ ಜೂನಿನ ಪ್ರವೇಶಕ್ಕೂ ಈ ಹಾಳೆಗೂ ಸಂಬಂಧವಿದೆ. ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂಬ ಮಾತು ಮನೆಗಳಲ್ಲಿ ಸಂಕ್ರಾಂತಿ ಮತ್ತು ಹೋಳಿಯ ನಡುವೆಯೇ ನಡೆಯುತ್ತದೆ. ಪಾಲಕರ ಸಭೆಯಲ್ಲಿ ಶಿಕ್ಷಕರು ಕನ್ನಡದ ಹಿರಿಮೆಯನ್ನು ಕುರಿತು ಮಾಡುವ ಭಾಷಣಕ್ಕಿಂತ, ನಾಲ್ಕನೆಯ ತರಗತಿಯ ಮಗು ಎದ್ದು ನಿಂತು ತಾನು ಬರೆದ ಸುದ್ದಿಯನ್ನು ತಡವರಿಸದೆ ಓದುವುದು ಹೆಚ್ಚು ಮನವರಿಕೆ ಮಾಡುತ್ತದೆ. ಈ ಶಾಲೆಯಲ್ಲಿ ಮಗು ನಿಜವಾಗಿ ಓದುಬರಹ ಕಲಿಯುತ್ತದೆಯೆ ಎಂಬುದೇ ಪಾಲಕರ ಪ್ರಶ್ನೆ. ಆ ಹಾಳೆಯೇ ಅದಕ್ಕೆ ಉತ್ತರ.

ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇದಕ್ಕೆ ಸಮಯವೆಲ್ಲಿ ಎಂಬ ಆಕ್ಷೇಪ ನ್ಯಾಯವಾದುದೇ. ಆದ್ದರಿಂದ ಇದನ್ನು ಹೆಚ್ಚುವರಿ ಕೆಲಸವೆಂದು ಭಾವಿಸದೆ, ಶನಿವಾರದ ಭಾಷಾ ಪಾಠದ ಅವಧಿಯೆಂದೇ ಗಣಿಸಬೇಕು. ಒಂದು ಶನಿವಾರ ಬರವಣಿಗೆ, ಮರುವಾರ ತಿದ್ದುಪಡಿ ಮತ್ತು ಓದು. ಬೇರೆ ಸೀಮೆಗಳ ಶಿಕ್ಷಕರು ತಮ್ಮ ತಮ್ಮ ಪಂಚಾಂಗವನ್ನು ಇದಕ್ಕೆ ಹೊಂದಿಸಿಕೊಳ್ಳಬಹುದು. ಕಾಸರಗೋಡಿನಲ್ಲಿ ಕ್ರಿಸ್‌ಮಸ್ ಪರೀಕ್ಷೆ ಮತ್ತು ರಜೆ, ತಾಳವಾಡಿ ಹಾಗೂ ಹೊಸೂರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮತ್ತು ಪೊಂಗಲ್, ಆದವಾನಿ ಮತ್ತು ಮಡಕಶಿರಾ ಕಡೆ ಸಂಕ್ರಾಂತಿಯ ರಜೆ ಚಳಿಗಾಲದ ಸುದ್ದಿಗಳಾಗುತ್ತವೆ. ಊರು ಬೇರೆಯಾದರೂ ಹಾಳೆಯ ಎರಡು ಭಾಗಗಳು ಅವೇ.

ದ್ವಿತೀಯ ಸತ್ರದ ಮೊದಲ ವಾರದಲ್ಲಿಯೇ ಮೊದಲ ಹಾಳೆ ಹೊರಡಲಿ. ಅದನ್ನು ಕಳುಹಿಸುವ ಮುನ್ನ ಹಾಜರಿಪಟ ತೆರೆದು, ಊರು ಬಿಟ್ಟ ಮಕ್ಕಳ ಹೆಸರುಗಳನ್ನೂ ಅವರ ಮನೆಯವರ ದೂರವಾಣಿ ಸಂಖ್ಯೆಗಳನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಬೇಕು. ಚಳಿಗಾಲದ ಎಲ್ಲ ಚಟುವಟಿಕೆಗಳಲ್ಲಿ ಮೊದಲು ಮುಗಿಸಬೇಕಾದ ಕೆಲಸ ಇದು.