ಗುಂಡಿಗೆ ಬಂದ ಮೊಸಳೆ

ಹೇಮಾವತಿ ನದಿ ಹುಟ್ಟುವ ಮಲೆನಾಡಿನ ಜಾವಳಿ ಕಡೆಯವರಾದ ನಮಗೆ ಮಳೆಯೂ ಹೊಸದಲ್ಲ, ಮಳೆಗೆ ಕಿತ್ತುಬರುವ ಡಾಂಬರೂ ಹೊಸದಲ್ಲ. ಗುಂಡಿ ಕಂಡರೆ ನಾವು ಬೈದುಕೊಂಡು ಮುಂದೆ ಹೋಗುತ್ತೇವೆ. ಬೆಂಗಳೂರಿನಲ್ಲಿ ಅದೇ ಗುಂಡಿಯ ಮುಂದೆ ಬಣ್ಣ ಹಿಡಿದು ಕೂತವರು ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ.

ಬೆಂಗಳೂರಿನ ಬೀದಿಗೆ ಚಿತ್ರ ಮೊದಲಿನಿಂದಲೂ ಇತ್ತು. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳೆದುರು ನಾಯಕರ ಎತ್ತರದ ಕಟೌಟ್‌ಗಳನ್ನು ಕೈಯಲ್ಲೇ ಬರೆಯುತ್ತಿದ್ದ ಕಾಲವದು. ಫ್ಲೆಕ್ಸ್ ಬಂತು, ಆ ಕಲಾವಿದರ ಕೆಲಸ ಹೋಯಿತು. 2009ರ ಸುಮಾರಿಗೆ ನಗರ ಪಾಲಿಕೆ ಬಿಬಿಎಂಪಿ ಅಂಥವರನ್ನೇ ಕರೆಸಿ ರಸ್ತೆಬದಿಯ ಗೋಡೆಗಳ ಮೇಲೆ ಹಂಪಿ, ಯಕ್ಷಗಾನ, ಕಾಡುಪ್ರಾಣಿಗಳನ್ನು ಬರೆಸಿತು. ಗೋಡೆ ಚೆಂದ ಕಂಡಿತು. ಗೋಡೆಯ ಕೆಳಗಿನ ರಸ್ತೆ ಇದ್ದ ಹಾಗೇ ಇತ್ತು.

ನಂಜುಂಡಸ್ವಾಮಿ ನೋಡಿದ್ದು ಆ ರಸ್ತೆಯನ್ನು. ಮೈಸೂರಿನ ‘ಕಾವಾ’ ಕಲಾ ಕಾಲೇಜಿನಲ್ಲಿ ಚಿತ್ರಕಲೆ ಕಲಿತು, ಜಾಹೀರಾತು ಕಂಪನಿಯಲ್ಲಿ ದುಡಿದವರು. ಓಡುವ ಗಾಡಿಯಲ್ಲಿರುವವನಿಗೂ ಒಂದೇ ನೋಟಕ್ಕೆ ವಿಷಯ ತಿಳಿಯಬೇಕೆಂಬುದು ಅವರಿಗೆ ಗೊತ್ತಿತ್ತು. ಮುಚ್ಚಳವಿಲ್ಲದ ಮ್ಯಾನ್‌ಹೋಲ್ ಸುತ್ತ ಯಮನ ಮುಖ ಬರೆದರು. ತೆರೆದ ಗುಂಡಿಯೇ ಅವನ ಬಾಯಿ.

2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯಲ್ಲೊಂದು ದೊಡ್ಡ ಹೊಂಡ ನೀರು ತುಂಬಿ ನಿಂತಿತ್ತು. ಅದರ ಸುತ್ತ ಹಸಿರು ಬಣ್ಣ ಬಳಿದು ಕೆರೆ ಮಾಡಿದರು, ಸುಮಾರು 20 ಕಿಲೋ ತೂಕದ ಫೈಬರ್ ಮೊಸಳೆಯನ್ನು ಇಳಿಸಿದರು. ಫೋಟೋ ದೇಶದಾಚೆಗೂ ಹೋಯಿತು. ಅಧಿಕಾರಿಗಳು ಬಂದು ಗುಂಡಿ ಮುಚ್ಚಿಸಿದರು.

2019ರ ಸೆಪ್ಟೆಂಬರ್, ಚಂದ್ರಯಾನ-2 ನೌಕೆ ಚಂದ್ರನಿಗೆ ಹತ್ತಿರವಾಗಿದ್ದ ವಾರ. ನಂಜುಂಡಸ್ವಾಮಿಯವರ ವಿಡಿಯೋಗಾಗಿ ಬೆಂಗಳೂರಿನ ಹೇರೋಹಳ್ಳಿಯ ರಸ್ತೆಯಲ್ಲಿ ನಟ ಪೂರ್ಣಚಂದ್ರ ಮೈಸೂರು ಗಗನಯಾತ್ರಿಯ ವೇಷ ತೊಟ್ಟು ತೇಲಿದಂತೆ ಮೆಲ್ಲಗೆ ಹೆಜ್ಜೆಯಿಟ್ಟರು. ರಾತ್ರಿಯ ಬೆಳಕಿನಲ್ಲಿ ಗುಂಡಿಗಳ ನೆರಳು ಚಂದ್ರನ ಕುಳಿಗಳಂತೆಯೇ ಕಾಣುತ್ತದೆ. ಅಷ್ಟರಲ್ಲಿ ಪಕ್ಕದಲ್ಲೊಂದು ಆಟೋ ಹಾದುಹೋಗುತ್ತದೆ! ಚಂದ್ರಲೋಕ ಅಲ್ಲಿಗೆ ಮುಗಿಯುತ್ತದೆ, ಬೆಂಗಳೂರು ಶುರುವಾಗುತ್ತದೆ. ವಿಡಿಯೋ ಹರಿದಾಡಿದ ಬೆನ್ನಿಗೇ ದುರಸ್ತಿಯೂ ಶುರುವಾಯಿತು.

ಕಲಾವಿದರಿಗೆ ತಮ್ಮ ಚಿತ್ರ ಉಳಿಯಬೇಕೆಂಬ ಆಸೆ ಸಹಜ. ಇಲ್ಲಿ ಲೆಕ್ಕ ತಿರುಗುಮುರುಗು: ಚಿತ್ರದ ಮೇಲೆ ಡಾಂಬರು ಬಿದ್ದರೇ ಅದು ಗೆದ್ದಂತೆ. ಆದರೂ ಒಂದು ಮಾತು. ಮೊಸಳೆ ಬಂದ ಗುಂಡಿ ಮುಚ್ಚಿತು, ಬಾರದ ಗುಂಡಿಗಳು ಉಳಿದವು. ನೀರು ಹರಿಯಲು ಚರಂಡಿಯಿಲ್ಲದಿದ್ದರೆ ಮುಚ್ಚಿದ್ದೂ ಮುಂದಿನ ಮಳೆಗೆ ಬಾಯಿಬಿಡುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲಾವಿದ ಇಂಜಿನಿಯರನ್ನು ರಸ್ತೆಗೆ ಕರೆತರಬಲ್ಲ. ಚರಂಡಿ ತೋಡಿಸಬೇಕಾದವರು ಇಂಜಿನಿಯರೇ.