ಆತಂಕಕ್ಕೆ ಹೆಸರಿಟ್ಟವರು



ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಅಡ್ಡರಸ್ತೆಗಳಿಗೆ ತಿರುಗಿದರೆ ಮೊದಲು ಕಿವಿಗೆ ಬೀಳುವುದು ಲೇತ್ ಯಂತ್ರದ ಸದ್ದು. ಕೆಳಗೆ ಎರಡು ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ, ಮೇಲೆ ಸಂಸಾರ. ಇಂಥ ಶೆಡ್ಡುಗಳ ಮಾಲೀಕರಲ್ಲಿ ಹಲವರು ಹಿಂದೆ ದೊಡ್ಡ ಕಾರ್ಖಾನೆಗಳಲ್ಲಿ ಟರ್ನರೋ ಫಿಟ್ಟರೋ ಆಗಿದ್ದವರು. ಜಾಬ್ ವರ್ಕ್ ಕೊಟ್ಟ ಕಂಪನಿ ಹಣ ಕೊಡುವುದು ತಿಂಗಳುಗಳ ಮೇಲೆ. ಇವರು ಹುಡುಗರಿಗೆ ಬಟವಾಡೆ ಮಾಡಬೇಕಾದದ್ದು ಶನಿವಾರ ಸಂಜೆಗೆ. ಕರೆಂಟು ಹೋದರೆ ದುಡಿಮೆಯೂ ಹೋಯಿತು. ಇವರು ಬಡವರಲ್ಲ, ಶ್ರೀಮಂತರೂ ಅಲ್ಲ. ಬಡವರಾಗಿಬಿಟ್ಟೇವು ಎಂಬ ಅಂಜಿಕೆಯವರು.

ಬಲಪಂಥೀಯ ರಾಜಕಾರಣ ಏಕೆ ಬೆಳೆಯಿತು ಎಂದು ಕೇಳುವವರು ಇಂಥ ಶೆಡ್ಡಿನ ಮುಂದೆ ನಿಂತು ಯೋಚಿಸುವುದು ಒಳ್ಳೆಯದು.

‘ಬಲಪಂಥ’ ಎಂಬ ಮಾತು ಹುಟ್ಟಿದ್ದು 1789ರ ಫ್ರಾನ್ಸಿನಲ್ಲಿ. ಅಲ್ಲಿನ ರಾಷ್ಟ್ರೀಯ ಸಭೆಯಲ್ಲಿ ಅರಸನ ಅಧಿಕಾರ ಉಳಿಯಬೇಕೆಂದವರು ಅಧ್ಯಕ್ಷರ ಬಲಕ್ಕೆ ಕುಳಿತರು, ಬೇಡವೆಂದವರು ಎಡಕ್ಕೆ. ನಮ್ಮಲ್ಲಿ ಈ ಪದಕ್ಕೆ ಎರಡು ಅರ್ಥಗಳು ಕೂಡಿಕೊಂಡಿವೆ. ಒಂದು ಆರ್ಥಿಕ ಬಲಪಂಥ. ಸರ್ಕಾರ ವ್ಯಾಪಾರದಿಂದ ದೂರವಿರಲಿ ಎನ್ನುವುದು. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ಅದನ್ನು ಹೇಳಿದವರು ರಾಜಾಜಿ. ಪಕ್ಕದ ರಾಜಾಜಿನಗರ, ಕಾರ್ಮಿಕರಿಗೂ ಕಾರ್ಖಾನೆಗಳಿಗೂ ಎಂದು ಎದ್ದ ಬಡಾವಣೆ, ಅವರದೇ ಹೆಸರು ಹೊತ್ತಿದೆ. ಆ ಪಕ್ಷ ಇಂದು ಯಾರ ನೆನಪಿನಲ್ಲೂ ಇಲ್ಲ. ಇನ್ನೊಂದು ಧರ್ಮ ಮತ್ತು ಸಂಸ್ಕೃತಿಯನ್ನು ರಾಷ್ಟ್ರದ ತಳಹದಿ ಎನ್ನುವ ಬಲಪಂಥ. ಬೆಳೆದದ್ದು ಇದು.

ಆರ್ಥಿಕ ಸಂಕಟದಿಂದ ಬಲಪಂಥ ಬೆಳೆಯುತ್ತದೆ ಎನ್ನುವವರು ತಕ್ಷಣ ಜರ್ಮನಿಯ ಉದಾಹರಣೆ ಕೊಡುತ್ತಾರೆ. 1928ರಲ್ಲಿ ಶೇ. 2.6 ಮತ ಪಡೆದಿದ್ದ ನಾಜಿ ಪಕ್ಷ 1932ರ ಜುಲೈಯಲ್ಲಿ ಶೇ. 37 ಮುಟ್ಟಿತು, ನಡುವೆ ಬಂದದ್ದು ಮಹಾಕುಸಿತ. ಆದರೆ ಕೆಲಸ ಕಳೆದುಕೊಂಡ ಕಾರ್ಮಿಕರು ಹೆಚ್ಚಾಗಿ ಹೋದದ್ದು ಕಮ್ಯುನಿಸ್ಟರ ಕಡೆಗೆ. ನಾಜಿಗಳಿಗೆ ದೊಡ್ಡ ಆಸರೆಯಾದವರು ಸಣ್ಣ ಅಂಗಡಿಯವರು, ಕಸುಬುದಾರರು, ರೈತರು. ಕಳೆದುಕೊಂಡವರಿಗಿಂತ ಕಳೆದುಕೊಳ್ಳುವ ಭಯದವರು. ಕರ್ನಾಟಕವನ್ನು ಜರ್ಮನಿಯೊಡನೆ ತೂಗಬೇಕಿಲ್ಲ. ಈ ಒಂದು ಅಂಶವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡರೆ ಸಾಕು.

ಈಗ ನಮ್ಮ ಲೆಕ್ಕಕ್ಕೆ ಬರೋಣ. 1983ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ 18 ಸ್ಥಾನ, 1985ರಲ್ಲಿ ಎರಡು, 1989ರಲ್ಲಿ ನಾಲ್ಕು. 1989ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಅದರ ಮತ ಶೇ. 3ನ್ನೂ ಮುಟ್ಟಲಿಲ್ಲ. ಎರಡೇ ವರ್ಷಗಳಲ್ಲಿ, 1991ರಲ್ಲಿ, ಅದು ಶೇ. 28 ದಾಟಿತು, ನಾಲ್ಕು ಲೋಕಸಭಾ ಸ್ಥಾನಗಳು ಬಂದವು. ಬೆಂಗಳೂರು ದಕ್ಷಿಣದಲ್ಲಿ ಗೆದ್ದವರು ಅರ್ಥಶಾಸ್ತ್ರಜ್ಞ ಕೆ. ವೆಂಕಟಗಿರಿ ಗೌಡ.

ಇದಕ್ಕೆಲ್ಲ ಉದಾರೀಕರಣವೇ ಕಾರಣ ಎನ್ನುವವರು ಒಮ್ಮೆ ಕ್ಯಾಲೆಂಡರ್ ನೋಡಬೇಕು. ಚುನಾವಣೆ ನಡೆದದ್ದು 1991ರ ಮೇ-ಜೂನ್‌ನಲ್ಲಿ. ಮನಮೋಹನ್ ಸಿಂಗ್ ಅವರ ಬಜೆಟ್ ಬಂದದ್ದು ಜುಲೈಯಲ್ಲಿ. ಔಷಧಿಗೆ ಮೊದಲೇ ಅಡ್ಡಪರಿಣಾಮ ಕಾಣಿಸಿಕೊಳ್ಳುವುದಿಲ್ಲ. ನಡುವಿನ ಎರಡು ವರ್ಷಗಳಲ್ಲಿ ಆದದ್ದು ಬೇರೆ: 1989ರಲ್ಲಿ ಅಯೋಧ್ಯೆಗೆಂದು ಊರೂರಿನಲ್ಲಿ ನಡೆದ ಇಟ್ಟಿಗೆ ಪೂಜೆ, 1990ರ ಮಂಡಲ್ ಗದ್ದಲ, ಅದೇ ವರ್ಷದ ರಥಯಾತ್ರೆ. ಜೊತೆಗೆ ಅದೇ ಅಕ್ಟೋಬರ್‌ನಲ್ಲಿ ವೀರೇಂದ್ರ ಪಾಟೀಲರನ್ನು ಮುಖ್ಯಮಂತ್ರಿ ಸ್ಥಾನದಿಂದ ಇಳಿಸಿದ ರೀತಿ. ಲಿಂಗಾಯತರಲ್ಲಿ ಹಲವರು ಅದನ್ನು ಮರೆಯಲಿಲ್ಲ.

ಹಾಗಾದರೆ ದುಡಿಮೆಯ ಆತಂಕಕ್ಕೆ ಪಾತ್ರವೇ ಇರಲಿಲ್ಲವೇ? ಇತ್ತು. ಆದರೆ ಅದು ಸುತ್ತುದಾರಿಯಲ್ಲಿ ಬಂತು. ಬೆಂಗಳೂರಿನ ಕಾರ್ಮಿಕನಿಗೆ ತನ್ನ ಸಂಕಟ ಹೇಳಿಕೊಳ್ಳಲು ಒಂದು ಕಾಲಕ್ಕೆ ಯೂನಿಯನ್ ಎಂಬ ಮನೆಯಿತ್ತು. 1980ರ ಡಿಸೆಂಬರ್‌ನಲ್ಲಿ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಕಾರ್ಮಿಕರು ಒಟ್ಟಾಗಿ ಮುಷ್ಕರ ಹೂಡಿದರು. ಅದು 77 ದಿನ ನಡೆಯಿತು. ಅಲ್ಲಿ ಕನ್ನಡಿಗ, ತಮಿಳ, ಮುಸ್ಲಿಂ ಎಂಬ ಸಾಲುಗಳಿರಲಿಲ್ಲ ಎಂದರೆ ಉತ್ಪ್ರೇಕ್ಷೆಯಾದೀತು; ಆದರೆ ಎದುರಾಳಿ ಯಾರು ಎಂಬುದರಲ್ಲಿ ಗೊಂದಲವಿರಲಿಲ್ಲ, ಅದು ಆಡಳಿತ ಮಂಡಳಿ. ಕಾರ್ಮಿಕರು ಬಯಸಿದ್ದನ್ನು ಪಡೆಯಲಾಗದೆ ಹಿಂತಿರುಗಿದರು. ಮುಂದೆ ಕೆಲಸಗಳು ದೊಡ್ಡ ಗೇಟಿನ ಒಳಗಿಂದ ಸಣ್ಣ ಶೆಡ್ಡುಗಳಿಗೆ, ಕಂಟ್ರಾಕ್ಟಿಗೆ ಹರಿದವು. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಿದ್ದ ನೆಲದಲ್ಲಿ ಒರಾಯನ್ ಮಾಲ್ ಎದ್ದಿದೆ. ನಾಲ್ಕು ಜನರ ಶೆಡ್ಡಿನಲ್ಲಿ ಯೂನಿಯನ್ ಯಾರ ವಿರುದ್ಧ ಕಟ್ಟುವುದು? ಮಾಲೀಕನೂ ಲೇತ್ ಮುಂದೆ ನಿಂತಿರುತ್ತಾನೆ.

ಮನೆಯಿಲ್ಲದ ಆತಂಕ ಬೀದಿಗೆ ಬಂತು. ಬೀದಿಯಲ್ಲಿ ಅದಕ್ಕೆ ಬೇರೆ ಬೇರೆ ಹೆಸರುಗಳು ಸಿಕ್ಕಿದವು.

1991ರ ಡಿಸೆಂಬರ್‌ನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾದಾಗ ಅದರ ಹೆಸರು ‘ತಮಿಳರು’. ಕೂಲಿ ಮಾಡುತ್ತಿದ್ದ ಸಾವಿರಾರು ತಮಿಳು ಕುಟುಂಬಗಳು ಊರು ಬಿಟ್ಟವು. 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾದಾಗ ಹೆಸರು ಬದಲಾಯಿತು. ಭಾಷೆಯ ಪ್ರತಿಭಟನೆಯಾಗಿ ಆರಂಭವಾದದ್ದು ಕೆಲವೇ ದಿನಗಳಲ್ಲಿ ಕೋಮುಗಲಭೆಯಾಗಿ, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾರ್ತೆ ನಿಂತಿತು. ಹತ್ತು ನಿಮಿಷದ ಸುದ್ದಿಯಿಂದ ಯಾರ ಕೆಲಸ ಹೋಗುತ್ತಿತ್ತು, ಯಾರ ಊಟ ಕಡಿಮೆಯಾಗುತ್ತಿತ್ತು ಎಂದು ಆಗ ಕೇಳಿದವರು ಕಡಿಮೆ. ಅದೇ ಆಗಸ್ಟ್ 15ರಂದು ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ ಧ್ವಜಾರೋಹಣದ ವಿವಾದ ಗೋಲಿಬಾರ್‌ಗೆ ಮುಟ್ಟಿತ್ತು. ವರ್ಷಾಂತ್ಯದ ಚುನಾವಣೆಯಲ್ಲಿ ಬಿಜೆಪಿ ನಾಲ್ಕರಿಂದ 40ಕ್ಕೇರಿ ಕಾಂಗ್ರೆಸ್ಸನ್ನು ಹಿಂದಿಕ್ಕಿತು. ರಾಜಾಜಿನಗರದಲ್ಲಿ ಆ ಪಕ್ಷದ ಎಸ್. ಸುರೇಶ್ ಕುಮಾರ್ ಗೆದ್ದರು.

ಕಾವೇರಿ ಗಲಭೆಯನ್ನು ಬಲಪಂಥದ ಖಾತೆಗೆ ಬರೆಯುವುದು ನ್ಯಾಯವಲ್ಲ. ಅದರಲ್ಲಿ ಎಲ್ಲ ಪಕ್ಷಗಳವರ ಮಾತೂ ಬಿಸಿಯಾಗಿತ್ತು. ಆದರೆ ಎರಡರ ಒಳಗೆ ತಿರುಗುವ ಯಂತ್ರ ಒಂದೇ. 2016ರ ಸೆಪ್ಟೆಂಬರ್ 12ರಂದು ಸುಪ್ರೀಂ ಕೋರ್ಟಿನ ನೀರಿನ ಆದೇಶದ ಬೆನ್ನಿಗೇ ತಮಿಳುನಾಡು ಮೂಲದ ಬಸ್ಸುಗಳು ಹೊತ್ತಿ ಉರಿದವು. ಆ ರಾತ್ರಿ ಕರ್ಫ್ಯೂ ಹಾಕಿದ 16 ಪೊಲೀಸ್ ಠಾಣೆಗಳ ಪಟ್ಟಿ ಓದಿದರೆ ಪಶ್ಚಿಮ ಬೆಂಗಳೂರಿನ ನಕ್ಷೆಯೇ ಕಾಣುತ್ತದೆ: ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ರಾಜಾಜಿನಗರ, ವಿಜಯನಗರ, ರಾಜಗೋಪಾಲನಗರ, ಪೀಣ್ಯ, ಕೆಂಗೇರಿ. ಹೆಚ್ಚಿನವು ಶೆಡ್ಡುಗಳ, ಗಾರ್ಮೆಂಟ್ಸ್‌ಗಳ, ಬಾಡಿಗೆ ವಠಾರಗಳ ಪ್ರದೇಶ. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬರು ಬಲಿಯಾದರು.

ಇನ್ನು ಭದ್ರತೆಯ ಭಯ. 2013ರ ಏಪ್ರಿಲ್ 17ರಂದು ಮಲ್ಲೇಶ್ವರದ ಬಿಜೆಪಿ ಕಚೇರಿಯ ಬಳಿಯೇ ಬಾಂಬ್ ಸಿಡಿಯಿತು. ಮೂರು ವಾರ ಕಳೆಯುವುದರೊಳಗೆ ಮತದಾನ. ಭಯವೇ ಮತವಾಗುವುದಿದ್ದರೆ ಆಳುವ ಬಿಜೆಪಿ ಗೆಲ್ಲಬೇಕಿತ್ತು. 2008ರಲ್ಲಿ 110 ಸ್ಥಾನ ಗೆದ್ದಿದ್ದ ಪಕ್ಷ 40ಕ್ಕೆ ಇಳಿಯಿತು. ಭ್ರಷ್ಟಾಚಾರದ ಆರೋಪ, ಯಡಿಯೂರಪ್ಪನವರ ಪ್ರತ್ಯೇಕ ಪಕ್ಷ ಆ ಸ್ಫೋಟಕ್ಕಿಂತ ಜೋರಾಗಿ ಕೇಳಿಸಿದವು.

ಅಂದರೆ ಆತಂಕ ತಾನಾಗಿ ನಡೆದು ಮತಗಟ್ಟೆಗೆ ಹೋಗುವುದಿಲ್ಲ. ಯಾರೋ ಕೈಹಿಡಿದು ಕರೆದೊಯ್ಯಬೇಕು. ಬೆಳಗಿನ ಶಾಖೆ, ಬೀದಿಯ ಗಣೇಶೋತ್ಸವ, ಆಸ್ಪತ್ರೆಗೆ ಸೇರಿಸಲು ಬರುವ ಪರಿಚಯದ ಕಾರ್ಯಕರ್ತ — ಯೂನಿಯನ್ ಖಾಲಿ ಮಾಡಿದ ಜಾಗದಲ್ಲಿ ಇವು ಕುಳಿತವು. ಈ ಕೆಲಸವನ್ನು ಟೀಕಿಸುವವರು ಆ ಜಾಗ ಏಕೆ ಖಾಲಿಯಿತ್ತು ಎಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಬೇಕಾದರೆ ನಿಮ್ಮ ಅಕ್ಕಪಕ್ಕವನ್ನೇ ನೋಡಿ. ವಿಜಯನಗರ 2008ರಿಂದ 2023ರವರೆಗೆ ನಾಲ್ಕು ಬಾರಿಯೂ ಕಾಂಗ್ರೆಸ್ಸಿನ ಎಂ. ಕೃಷ್ಣಪ್ಪನವರನ್ನು ಆರಿಸಿತು. ಗೋವಿಂದರಾಜನಗರ 2013ರಲ್ಲಿ ಕಾಂಗ್ರೆಸ್, 2018ರಲ್ಲಿ ಬಿಜೆಪಿ, 2023ರಲ್ಲಿ ಮತ್ತೆ ಕಾಂಗ್ರೆಸ್. ರಾಜಾಜಿನಗರ 2008ರಿಂದ ಬಿಜೆಪಿಯದೇ; ರಾಜ್ಯದಲ್ಲಿ ಪಕ್ಷ 66ಕ್ಕೆ ಕುಸಿದ 2023ರಲ್ಲೂ ಅಲ್ಲಿ ಗೆದ್ದಿತು. ಮೂರೂ ಕಡೆ ಒಂದೇ ಬೆಲೆಗೆ ಅಕ್ಕಿ, ಒಂದೇ ದರದ ಕರೆಂಟು, ಕಾಯಿಲೆ ಬಿದ್ದ ಕಾರ್ಮಿಕನಿಗೆ ಅದೇ ರಾಜಾಜಿನಗರದ ಇಎಸ್ಐ ಆಸ್ಪತ್ರೆ.