ಪಿಕ್ಸೆಲ್‌ಗೊಂದು ಆಂಪ್ಲಿಫೈಯರ್: ಸಿಮಾಸ್ ಸೆನ್ಸರ್ ಒಳಗೆ ನಡೆಯೋದೇನು?

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಂಟೆಕ್‌ನಲ್ಲಿ ಓದಿದ್ದು ವಿಎಲ್‌ಎಸ್‌ಐ, ಅನ್ನ ಹಾಕ್ತಿರೋದು ಪೈಥಾನ್. ಇಲ್ಲಿರೋ ಅರ್ಧ ಜನರದ್ದು ಇದೇ ಕಥೆ ಅಂತ ಗೊತ್ತು. ಇವತ್ತು ನಿಮ್ಮ ಜೇಬಿನಲ್ಲಿರೋ ಫೋನಿನ ಕ್ಯಾಮೆರಾ ಸೆನ್ಸರ್ ಬಗ್ಗೆ ಮಾತಾಡೋಣ. ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಇಮೇಜ್ ಅಂದ್ರೆ ಒಂದು ಅರೇ, ಅಷ್ಟೇ. ಆ ಅರೇ ಹುಟ್ಟೋದು ಹೇಗೆ ಅಂತ ನಾವು ಕೇಳೋದಿಲ್ಲ. ಕೇಳದಿದ್ದರೆ ಯಾರಿಗೆ ನಷ್ಟ ಆಗಬಹುದು ಅನ್ನೋದಕ್ಕೆ ಆಮೇಲೆ ಒಂದು ಉದಾಹರಣೆ ಹೇಳ್ತೀನಿ.

ಮೊದಲು ಸಿಸಿಡಿ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಂಡುಹಿಡಿದಿದ್ದು. 2009ರಲ್ಲಿ ಅದಕ್ಕೆ ನೊಬೆಲ್ ಬಂತು. ಬೆಳಕು ಸಿಲಿಕಾನ್ ಮೇಲೆ ಬಿದ್ದರೆ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ಪಿಕ್ಸೆಲ್‌ನಲ್ಲಿ ಕೂಡಿಕೊಳ್ಳುತ್ತವೆ. ಸಿಸಿಡಿಯಲ್ಲಿ ಆ ಚಾರ್ಜನ್ನು ಕೈಯಿಂದ ಕೈಗೆ ಕೊಡ ದಾಟಿಸಿದ ಹಾಗೆ ಪಕ್ಕದ ಪಿಕ್ಸೆಲ್‌ಗೆ, ಅಲ್ಲಿಂದ ಅದರ ಪಕ್ಕಕ್ಕೆ ದಾಟಿಸ್ತಾ ಮೂಲೆಯಲ್ಲಿರೋ ಒಂದೇ ಆಂಪ್ಲಿಫೈಯರ್ ತನಕ ತರಬೇಕು. ಪ್ರತಿ ಸಲ 99.9% ಚಾರ್ಜ್ ದಾಟಿತು ಅಂತಿಟ್ಟುಕೊಳ್ಳಿ. ಚೆನ್ನಾಗೇ ಇದೆ ಅನ್ನಿಸುತ್ತೆ, ಅಲ್ವಾ? ಆದರೆ ಸಾವಿರ ಸಲ ದಾಟಿಸುವಷ್ಟರಲ್ಲಿ ಉಳಿಯೋದು ಸುಮಾರು 37% ಮಾತ್ರ! ಹಾಗಾಗಿ ಸಿಸಿಡಿಗೆ 99.999% ಅಥವಾ ಅದಕ್ಕಿಂತ ಹೆಚ್ಚು ಬೇಕು. ಅದಕ್ಕೆ ಪ್ರತ್ಯೇಕ ಪ್ರೋಸೆಸ್, ಹೆಚ್ಚು ವೋಲ್ಟೇಜ್, ಹೆಚ್ಚು ಪವರ್. ಬಾಹ್ಯಾಕಾಶದಲ್ಲಿ ವಿಕಿರಣದ ಏಟು ಬಿದ್ದರೆ ಈ ದಾಟಿಸುವ ಕೆಲಸವೇ ಕೆಡುತ್ತಾ ಹೋಗುತ್ತೆ.

1990ರ ದಶಕದ ಶುರುವಿನಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಎರಿಕ್ ಫಾಸಮ್ ಮತ್ತು ತಂಡದವರಿಗೆ ಬೇಕಿದ್ದದ್ದು ನೌಕೆಗಳಿಗೆ ಚಿಕ್ಕ ಕ್ಯಾಮೆರಾ. ಅವರು ಹಿಡಿದ ದಾರಿ: ಚಾರ್ಜನ್ನು ಊರೆಲ್ಲ ಹೊತ್ತು ತಿರುಗೋದೇ ಬೇಡ, ಪಿಕ್ಸೆಲ್ ಒಳಗೇ ಒಂದು ಆಂಪ್ಲಿಫೈಯರ್ ಇಡೋಣ. ಆಕ್ಟಿವ್ ಪಿಕ್ಸೆಲ್ ಅಂದ್ರೆ ಇದೇ. ಯೋಚನೆ ಹೊಸದಲ್ಲ, 1960ರ ದಶಕದಲ್ಲೇ ಇತ್ತು. ಆದರೆ ಆಗಿನ ಟ್ರಾನ್ಸಿಸ್ಟರ್‌ಗಳನ್ನು ಪಿಕ್ಸೆಲ್ ಒಳಗೆ ತುರುಕಿದರೆ ಬೆಳಕು ಬೀಳೋಕೆ ಜಾಗ ಎಲ್ಲಿ?

ಲಕ್ಷಾಂತರ ಆಂಪ್ಲಿಫೈಯರ್ ಅಂದ್ರೆ ಲಕ್ಷಾಂತರ ತಕ್ಕಡಿ. ಒಂದೊಂದರದ್ದು ಒಂದೊಂದು ಸುಳ್ಳು. ಕತ್ತಲೆಯಲ್ಲಿ ಫೋಟೋ ತೆಗೆದರೂ ಅದೇ ಕಲೆಗಳು ಅದೇ ಜಾಗದಲ್ಲಿ ಕಾಣುತ್ತವೆ. ಪರಿಹಾರ ಕಿರಾಣಿ ಅಂಗಡಿಯವರಿಗೆ ಮೊದಲೇ ಗೊತ್ತಿತ್ತು: ಖಾಲಿ ಡಬ್ಬಿ ತೂಗಿ, ತುಂಬಿದ ಡಬ್ಬಿ ತೂಗಿ, ಕಳೀರಿ. ಇದಕ್ಕೆ ಕೋರಿಲೇಟೆಡ್ ಡಬಲ್ ಸ್ಯಾಂಪ್ಲಿಂಗ್ ಅಂತ ದೊಡ್ಡ ಹೆಸರು. ನಾಲ್ಕು ಟ್ರಾನ್ಸಿಸ್ಟರ್ ಪಿಕ್ಸೆಲ್‌ನಲ್ಲಿ ಚಾರ್ಜ್ ಒಂದು ಕಡೆ ಕೂಡುತ್ತೆ, ಓದುವ ಜಾಗ ಪಕ್ಕದಲ್ಲಿರುತ್ತೆ. ಓದುವ ಜಾಗವನ್ನು ರೀಸೆಟ್ ಮಾಡಿ ಒಮ್ಮೆ ಓದಿ, ನಂತರ ಚಾರ್ಜ್ ಒಳಗೆ ಬಿಟ್ಟು ಇನ್ನೊಮ್ಮೆ ಓದಿದರೆ, ರೀಸೆಟ್‌ನಿಂದ ಬಂದ ನಾಯ್ಸ್ ಕೂಡ ಕಳೆದುಹೋಗುತ್ತೆ. ಮೂರು ಟ್ರಾನ್ಸಿಸ್ಟರ್‌ನ ಹಳೇ ಪಿಕ್ಸೆಲ್‌ನಲ್ಲಿ ಇದು ಸರಿಯಾಗಿ ಆಗ್ತಿರಲಿಲ್ಲ. ಈ ನಾಲ್ಕನೆಯ ಟ್ರಾನ್ಸಿಸ್ಟರ್ ಜೊತೆಗೆ ಬಂದ ಪಿನ್ಡ್ ಫೋಟೋಡಯೋಡ್ 1980ರಲ್ಲಿ ಜಪಾನಿನ ಎನ್‌ಇಸಿಯಲ್ಲಿ ನೊಬುಕಾಜು ತೆರಾನಿಶಿ ಸಿಸಿಡಿಗೆಂದೇ ಮಾಡಿದ್ದು. ಕೊನೆಗೆ ಸಿಸಿಡಿಯನ್ನು ಮೂಲೆಗೆ ತಳ್ಳಿದವರ ಕೈಗೇ ಅದು ಸಿಕ್ಕಿತು ನೋಡಿ.

ಈಗ ಮುಖ್ಯ ವಿಷಯ. ಈ ಸೆನ್ಸರ್‌ಗಳಲ್ಲಿ ಸಾಮಾನ್ಯವಾಗಿ ಒಂದು ಕಾಲಮ್‌ನ ಪಿಕ್ಸೆಲ್‌ಗಳೆಲ್ಲ ಒಂದೇ ತಂತಿ ಹಂಚಿಕೊಳ್ಳುತ್ತವೆ. ಹಾಗಾಗಿ ಒಂದು ಸಲಕ್ಕೆ ಒಂದೇ ರೋ ಓದಬೇಕು. ಮೇಲಿನ ರೋ ಮೊದಲು, ಕೆಳಗಿನದು ಕೊನೆಗೆ. ಇದು ರೋಲಿಂಗ್ ಶಟರ್. ತಿರುಗೋ ಫ್ಯಾನ್ ಫೋನಿನಲ್ಲಿ ಕೊಡಲಿ ಹಾಗೆ ಬಾಗಿ ಕಾಣೋದು ಇದರಿಂದಲೇ. ನಿಮ್ಮ ಅರೇ ಒಂದು ಕ್ಷಣದ್ದಲ್ಲ, ಸಾವಿರಾರು ಕ್ಷಣಗಳದ್ದು.

ಕೆಲವು ವರ್ಷದ ಹಿಂದೆ ಚಾಕಣ್ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಬೆಲ್ಟ್ ಮೇಲೆ ಬರೋ ಲೋಹದ ಬ್ರಾಕೆಟ್‌ಗಳನ್ನು ಕ್ಯಾಮೆರಾದಿಂದ ತಪಾಸಣೆ ಮಾಡ್ತಿದ್ದರು. ದಿಢೀರ್ ಅಂತ ರಿಜೆಕ್ಷನ್ ಏರಿತು. ಮಾಡೆಲ್ ನೋಡಿ ಅಂತ ನಮ್ಮನ್ನು ಕರೆದರು. ಮಾಲು ಕೊಡ್ತಿದ್ದವರು ಬೆಳಗಾವಿ ಕಡೆಯ ಸಣ್ಣ ವರ್ಕ್‌ಶಾಪಿನವರು. ಎರಡು ಲಾಟ್ ವಾಪಸ್, ಬಿಲ್ ತಡೆದಿದ್ದಾರೆ. ನಾನು ಕನ್ನಡದವನು ಅಂತ ಗೊತ್ತಾದ ತಕ್ಷಣ ಒಂದು ಬ್ರಾಕೆಟ್ ಕೈಗಿಟ್ಟು, "ನನ್ನ ಮಾಲು ಸೊಟ್ಟ ಆಗೇತೇನ್ರಿ ಸರ್? ನೀವ ಕೈಯಾಗ ಹಿಡದು ನೋಡ್ರಿ" ಅಂದರು. ಮೂಲೆಮಟ್ಟ ಇಟ್ಟು ನೋಡಿದೆ, ನೇರವಾಗೇ ಇತ್ತು.

ಲೆಕ್ಕ ನೋಡಿ. ಸೆನ್ಸರ್‌ನಲ್ಲಿ 1200 ರೋ, ಒಂದೊಂದಕ್ಕೆ 25 ಮೈಕ್ರೋಸೆಕೆಂಡ್. ಬ್ರಾಕೆಟ್ 400 ರೋ ಆವರಿಸುತ್ತೆ, ಅಂದ್ರೆ 10 ಮಿಲಿಸೆಕೆಂಡ್. ಟ್ರಯಲ್‌ನಲ್ಲಿ ಬೆಲ್ಟ್ ವೇಗ ಸೆಕೆಂಡಿಗೆ 10 ಸೆಂಟಿಮೀಟರ್ ಇತ್ತು, ವಾಲಿಕೆ 1 ಮಿಲಿಮೀಟರ್. ಪ್ರೊಡಕ್ಷನ್ ಜಾಸ್ತಿ ಬೇಕು ಅಂತ ಬೆಲ್ಟನ್ನು ಮೂರು ಪಟ್ಟು ಮಾಡಿದರು, ವಾಲಿಕೆ 3 ಮಿಲಿಮೀಟರ್ ಆಯ್ತು. ಮಿತಿ ಇದ್ದದ್ದು 2. ಎಕ್ಸ್‌ಪೋಷರ್ ಕಡಿಮೆ ಮಾಡಿ ಅಂತ ಒಬ್ಬರು ಹೇಳಿದರು. ಅದರಿಂದ ಮಸುಕು ಹೋಗುತ್ತೆ, ವಾಲಿಕೆ ಹೋಗಲ್ಲ. ರೋಗಳ ನಡುವಿನ ಅಂತರ ಹಾಗೇ ಇರುತ್ತಲ್ಲ!

ಬ್ರಾಕೆಟನ್ನು ಮಗುಚಿ ಬೆಲ್ಟ್ ಮೇಲೆ ಬಿಟ್ಟೆವು. ನಿಜವಾಗಿ ಸೊಟ್ಟವಾಗಿದ್ದರೆ ವಾಲಿಕೆ ಆ ಕಡೆಗೆ ತಿರುಗಬೇಕಿತ್ತು. ತಿರುಗಲಿಲ್ಲ. ಬೆಲ್ಟ್ ನಿಲ್ಲಿಸಿ ತೆಗೆದ ಫೋಟೋದಲ್ಲಿ ವಾಲಿಕೆಯೇ ಇಲ್ಲ. ಮ್ಯಾನೇಜರ್ ಎದುರಿಗೇ ಮಾಡಿ ತೋರಿಸಿದೆವು, ಸ್ಲೈಡ್ ಬೇಕಾಗಲಿಲ್ಲ.

ಗ್ಲೋಬಲ್ ಶಟರ್ ಸೆನ್ಸರ್ ಹಾಕಿದರೆ ಎಲ್ಲ ಪಿಕ್ಸೆಲ್ ಒಟ್ಟಿಗೇ ನಿಲ್ಲುತ್ತವೆ, ಆದರೆ ಪ್ರತಿ ಪಿಕ್ಸೆಲ್‌ನಲ್ಲೂ ಚಾರ್ಜ್ ಕಾಯ್ದಿಡೋಕೆ ಇನ್ನೊಂದು ಜಾಗ ಬೇಕು, ಬೆಲೆ ಏರುತ್ತೆ. ಇಲ್ಲಿ ಕ್ಯಾಮೆರಾ ಬದಲಿಸಲಿಲ್ಲ. ಸುತ್ತ ಕಪ್ಪು ಮುಚ್ಚಿಗೆ ಹಾಕಿ, ಎಲ್ಲ ರೋಗಳೂ ತೆರೆದಿರುವಷ್ಟು ಉದ್ದ ಎಕ್ಸ್‌ಪೋಷರ್ ಇಟ್ಟು, ನಡುವೆ 100 ಮೈಕ್ರೋಸೆಕೆಂಡ್ ಫ್ಲ್ಯಾಶ್ ಹೊಡೆದೆವು. ಅಷ್ಟರಲ್ಲಿ ಬ್ರಾಕೆಟ್ ಚಲಿಸೋದು 0.03 ಮಿಲಿಮೀಟರ್. ಮಾಡೆಲ್‌ನ ಒಂದು ಸಾಲೂ ಮುಟ್ಟಲಿಲ್ಲ. ವಾಪಸ್ ಹೋದ ಲಾಟ್‌ಗಳನ್ನು ಮತ್ತೆ ತಪಾಸಣೆ ಮಾಡಿಸಿದರು. ಎರಡು ಟ್ರೇ ಮಾಲು ನಿಜಕ್ಕೂ ಸೊಟ್ಟ ಇತ್ತು, ಅದನ್ನು ಅವರು ಮಾತಾಡದೇ ತಗೊಂಡು ಹೋದರು. ಉಳಿದದ್ದಕ್ಕೆ ಬಿಲ್ ಪಾಸಾಯಿತು.

ನಿಮ್ಮ ಪ್ರಾಜೆಕ್ಟ್‌ಗೆ ಕ್ಯಾಮೆರಾ ಬಂದರೆ ಮೆಗಾಪಿಕ್ಸೆಲ್ ಆಮೇಲೆ ಕೇಳಿ. ಶಟರ್ ಯಾವುದು, ಒಂದು ರೋ ಓದೋಕೆ ಎಷ್ಟು ಹೊತ್ತು, ಇದನ್ನು ಮೊದಲು ಕೇಳಿ. ಆಮೇಲೆ ಇನ್ನೊಂದು, ವಿಡಿಯೋ ಕಾಲ್‌ನಲ್ಲಿ ನಿಮ್ಮ ಮುಖದ ಮೇಲೆ ಕಪ್ಪು ಪಟ್ಟೆ ಓಡ್ತಿದ್ದರೆ ಅದೂ ಇದೇ ರೋಲಿಂಗ್ ಶಟರ್. ನಮ್ಮ ಕರೆಂಟ್ 50 ಹರ್ಟ್ಸ್, ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ವೆಬ್‌ಕ್ಯಾಮ್ ಸೆಟ್ಟಿಂಗ್‌ನಲ್ಲಿ 60 ಇದ್ದರೆ 50 ಮಾಡಿ. ಸರಿ, ಪ್ರಶ್ನೆ ಇದ್ದವರು ಕೇಳಿ.